ಎರಡೂ ಕೈಯಲ್ಲಿರಲಿ

ಅಮ್ಮಾ, ನಮಸ್ಕಾರ.

ಸಕಲೇಶಪುರದ ಕಡೆಯಿಂದ ನೀವು ಬರೆದ ಪತ್ರ ಕೈಸೇರಿತು. ಬೇರೆ ಓದುಗರಿಗೂ ವಿಷಯ ತಿಳಿಯಲಿ ಅಂತ ಅದರಲ್ಲಿರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಹಾಸನದಲ್ಲಿ ಕೆಲಸ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತೋಟ, ಹಳ್ಳ ಅಂತ ಹೊರಟುಬಿಡುತ್ತಾಳೆ. ರಾತ್ರಿ ಕೂತು ಕಾದಂಬರಿ ಬರೆಯುತ್ತಾಳೆ. ಮನೆಗೆ ಬಂದ ನೆಂಟರೆಲ್ಲ ‘ಎರಡು ದೋಣಿಯಲ್ಲಿ ಕಾಲಿಟ್ಟರೆ ಆಗಲ್ಲ, ಒಂದನ್ನು ಬಿಡಲಿ’ ಅನ್ನುತ್ತಾರೆ. ಅವಳು ‘ತೇಜಸ್ವಿ ಎರಡೂ ಮಾಡಲಿಲ್ವಾ?’ ಅಂತ ಕೇಳುತ್ತಾಳೆ. ನಿಮ್ಮ ಪ್ರಶ್ನೆ ಅಲ್ಲಿಂದ ಶುರು: ‘ಅವರು ಕುವೆಂಪು ಮಗ, ಅವರಿಗೆ ನಡೆಯಿತು. ನಮ್ಮಂಥವರ ಮಕ್ಕಳಿಗೆ ನಡೆಯುತ್ತಾ? ಇವಳ ವಯಸ್ಸಿನಲ್ಲಿ ಅವರು ಏನು ಮಾಡುತ್ತಿದ್ದರು?’

ಕೊನೆಯ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟವಾಯಿತು. ನಾವು ಪತ್ರಿಕೆಯವರು ಪ್ರತಿ ಸಲ ಗಡ್ಡ ನರೆತ ತೇಜಸ್ವಿಯವರ ಚಿತ್ರವನ್ನೇ ಹಾಕುತ್ತೇವೆ. ಅವರಿಗೂ ಒಂದು ಇಪ್ಪತ್ತನಾಲ್ಕು ಇತ್ತು ಅನ್ನುವುದನ್ನು ಯಾರೂ ಬರೆಯುವುದಿಲ್ಲ.

ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದರು. ತಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಅಧ್ಯಾಪಕನ ಕೆಲಸ ಹಿಡಿದು ಮೈಸೂರಿನಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಅದನ್ನು ಬಿಟ್ಟು ಅರವತ್ತರ ದಶಕದಲ್ಲಿ ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದರು. ನಿಮ್ಮ ಮಗಳ ವಯಸ್ಸಿನಲ್ಲಿ ಅವರ ಹೆಸರಿನಲ್ಲಿ ಒಂದು ಕಾದಂಬರಿಯೂ ಅಚ್ಚಾಗಿರಲಿಲ್ಲ. ‘ಸ್ವರೂಪ’ ಬಂದದ್ದು 1966ರಲ್ಲಿ. ರಾಜೇಶ್ವರಿಯವರನ್ನು ಮದುವೆಯಾದದ್ದೂ ಅದೇ ವರ್ಷ. ಕಥಾಸಂಕಲನ ‘ಅಬಚೂರಿನ ಪೋಸ್ಟಾಫೀಸು’ 1973ರಲ್ಲಿ. ಎಲ್ಲರೂ ಅವರ ಹೆಸರಿನ ಜೊತೆಗೇ ನೆನೆಯುವ ‘ಕರ್ವಾಲೋ’ 1980ರಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ಲೆಕ್ಕ ಹಾಕಿ ನೋಡಿ, ನಿಮ್ಮ ಮಗಳ ಮುಂದೆ ಎಷ್ಟು ವರ್ಷ ಇದೆ ಅಂತ.

ಕುವೆಂಪು ಮಗ ಅನ್ನುವ ಮಾತಿಗೆ ಬರುತ್ತೇನೆ. ನೀವು ಹೇಳಿದ್ದು ಅರ್ಧ ನಿಜ. ತೋಟ ಮಾಡುವುದು ದುಡ್ಡಿಲ್ಲದವರ ಕೈಲಾಗುವ ಕೆಲಸವಲ್ಲ, ಆಗಲೂ ಅಲ್ಲ, ಈಗಂತೂ ಅಲ್ಲವೇ ಅಲ್ಲ. ಆದರೆ ಅಂಥ ತಂದೆಯ ಮಗ ಕನ್ನಡದಲ್ಲೇ ಬರೆಯಲು ಹೊರಟರೆ ಪ್ರತಿ ಸಾಲನ್ನೂ ಜನ ತೂಕಕ್ಕಿಟ್ಟು ನೋಡುತ್ತಾರೆ. 1967ರಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಕುವೆಂಪು. ಅದೇ ಮನೆಯ ಹುಡುಗ ಅವರ ಹಾಗೆ ಬರೆಯದೆ, ಆ ಕಾಲದಲ್ಲಿ ಎಲ್ಲರೂ ಬರೆಯುತ್ತಿದ್ದ ನವ್ಯ ಸಾಹಿತ್ಯದ ಶೈಲಿಯನ್ನೂ ಬಿಟ್ಟು, ತನ್ನದೇ ದಾರಿ ಹಿಡಿಯುವುದು ಸುಮ್ನೆ ಆಗುವ ಮಾತಲ್ಲ. ಆ ದಾರಿ ಅವರಿಗೆ ಸಿಕ್ಕಿದ್ದು ಮೂಡಿಗೆರೆಯ ಸಂತೆಯಲ್ಲಿ, ಕಚೇರಿಗಳ ಜಗಲಿಯಲ್ಲಿ, ತೋಟದ ಆಳುಗಳ ಮಾತಿನಲ್ಲಿ. ಅವರ ‘ತಬರನ ಕಥೆ’ಯಲ್ಲಿ ಪಿಂಚಣಿಗಾಗಿ ಅಲೆದಲೆದು ಸೋಲುವ ತಬರ, ಪುಸ್ತಕ ಓದಿ ಹುಟ್ಟಿಸುವ ಮನುಷ್ಯನಲ್ಲ.

ಈಗ ಕ್ಯಾಮೆರಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನೆಂಟರಿಗೆ ಗೊತ್ತಿಲ್ಲದ ವಿಷಯ ಇದೇ.

ತೇಜಸ್ವಿ ಫೋಟೊ ತೆಗೆದ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ. ತೊಳೆಸಿ ನೋಡುವ ತನಕ ಬಂದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮರದ ನೆರಳಲ್ಲಿ ಬೆಳಕು ಕಮ್ಮಿ, ಉದ್ದದ ಲೆನ್ಸ್ ಹಾಕಿದರೆ ಕೈ ಒಂಚೂರು ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಮಿಂಚುಳ್ಳಿಯನ್ನೇ ತೆಗೆದುಕೊಳ್ಳಿ. ಅದರ ಹಿಂದೆ ಓಡಿದರೆ ಜನ್ಮದಲ್ಲಿ ಸಿಗುವುದಿಲ್ಲ. ಹಳ್ಳದ ಮೇಲೆ ಚಾಚಿದ ಯಾವ ಕೊಂಬೆಯ ಕೆಳಗಿನ ಕಲ್ಲಿಗೆ ಬಿಳಿ ಹಿಕ್ಕೆ ಬಿದ್ದಿದೆ ಅಂತ ಮೊದಲು ಹುಡುಕಬೇಕು. ಅದು ದಿನವೂ ಬಂದು ಕೂರುವ ಜಾಗ ಅಂತ ಅರ್ಥ. ಆಮೇಲೆ ಸೊಪ್ಪುಸದೆಯ ಮರೆ ಕಟ್ಟಿಕೊಂಡು, ಸೊಳ್ಳೆ, ಜಿಗಣೆ ಕಚ್ಚಿದರೂ ಅಲುಗಾಡದೆ ಕೂರಬೇಕು. ಹಕ್ಕಿ ಬರುತ್ತದೆ, ನೀರಿಗೆ ಬೀಳುತ್ತದೆ, ಮೀನು ಹಿಡಿದು ಅದೇ ಕೊಂಬೆಗೆ ವಾಪಸ್ಸಾಗಿ ಬಡಿದು ನುಂಗುತ್ತದೆ. ಎಲ್ಲ ಕ್ಷಣದಲ್ಲಿ ಮುಗಿದುಹೋಗುತ್ತದೆ. ನೀವು ಆ ಹೊತ್ತಿಗೆ ಸಿದ್ಧರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗೆ ಕಾದವರ ಬರವಣಿಗೆಯಲ್ಲಿ ಅದು ಕಾಣಿಸದೆ ಇರುತ್ತಾ? ‘ಕರ್ವಾಲೋ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೊರಡುವ ತಂಡದಲ್ಲಿ ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆ. ನಿಮ್ಮ ಕಡೆಯ ಅಡಿಕೆ ತೋಟಗಳಲ್ಲೂ ಈ ಓತಿ ಇದೆ. ಕಾಂಡಕ್ಕೆ ಅಂಟಿ ಕೂತರೆ ತೊಗಟೆಯದೇ ಬಣ್ಣ, ಎದುರಿಗಿದ್ದರೂ ಕಾಣುವುದಿಲ್ಲ. ಪಕ್ಕೆಲುಬು ಹರಡಿ ಚರ್ಮ ಬಿಚ್ಚಿತೆಂದರೆ ಮರದಿಂದ ಮರಕ್ಕೆ ತೇಲಿಬಿಡುತ್ತದೆ. ಅಷ್ಟು ಪಾಡು ಪಟ್ಟು ಹುಡುಕಿದ ಓತಿ ಕೊನೆಗೆ ಎಲ್ಲರ ಕಣ್ಣೆದುರೇ ಕಣಿವೆಗೆ ತೇಲಿ ಹೋಗುತ್ತದೆ. ಯಾರ ಕೈಗೂ ಸಿಗುವುದಿಲ್ಲ. ಮನೆಯಲ್ಲಿ ಕೂತು ಕಥೆ ಕಟ್ಟುವವರಾದರೆ ಅದನ್ನು ಹಿಡಿಸಿ ಡಬ್ಬಿಗೆ ಹಾಕಿಸುತ್ತಿದ್ದರು. ಕಾಡಿನಲ್ಲಿ ಕಾದು ಕೂತು, ಬರಿಗೈಯಲ್ಲಿ ಮನೆಗೆ ಬಂದು ಅಭ್ಯಾಸ ಇದ್ದವರಿಗೇ ಅಂಥ ಮುಕ್ತಾಯ ಹೊಳೆಯುವುದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ದೂರದ ಇನ್ನೊಬ್ಬರ ವಿಷಯವೂ ನಿಮ್ಮ ಮಗಳಿಗೆ ಗೊತ್ತಿರಲಿ. ಅಮೆರಿಕದ ಮಿಸ್ಸಿಸಿಪ್ಪಿಯ ಯೂಡೋರಾ ವೆಲ್ಟಿ, ಹುಟ್ಟಿದ್ದು 1909ರಲ್ಲಿ. ಇಪ್ಪತ್ತೈದು ದಾಟಿದ ಹುಡುಗಿ ಸರ್ಕಾರಿ ಪ್ರಚಾರದ ಕೆಲಸಕ್ಕೆ ಸೇರಿ ತನ್ನ ರಾಜ್ಯದ ಹಳ್ಳಿಹಳ್ಳಿ ಸುತ್ತಿದಳು, ಬಡವರ, ಕಪ್ಪು ಜನರ ಫೋಟೊ ತೆಗೆದಳು. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವಳ ಫೋಟೊಗಳ ಪ್ರದರ್ಶನವಾಯಿತು. ಅದೇ ವರ್ಷ ಮೊದಲ ಕಥೆ ಅಚ್ಚಾಯಿತು. ಫೋಟೊಗಳು ಪುಸ್ತಕವಾಗಿ ಬಂದದ್ದು ಮಾತ್ರ 1971ರಲ್ಲಿ. 1973ರಲ್ಲಿ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಸರಿಯಾದ ಕ್ಷಣಕ್ಕೆ ಬಟನ್ ಒತ್ತಲು ಸಿದ್ಧವಾಗಿರಬೇಕು ಅನ್ನುವ ಪಾಠ ಕಥೆ ಬರೆಯುವಾಗಲೂ ತನಗೆ ಬಂತು ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಆ ಮನೆಗೂ ನೆಂಟರು ಬಂದಿರುತ್ತಾರೆ, ಅಲ್ವಾ?

ಹಾಗಾಗಿ ನಿಮ್ಮ ಮಗಳು ಯಾವುದನ್ನೂ ಬಿಡುವುದು ಬೇಡ. ಬಿಡಬಾರದ ಇನ್ನೊಂದು ಅಂದರೆ ಹಾಸನದ ಕೆಲಸ. ತೇಜಸ್ವಿಯವರ ಮನೆ ನಡೆದದ್ದು ಕಾಫಿಯಿಂದ. ಮರಗಸಿ ಮಾಡಿಸುವುದು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವುದು, ಕಾಂಡ ಕೊರೆಯುವ ಬೋರರ್ ಹುಳ ಹಿಡಿದ ಗಿಡ ಕೀಳಿಸುವುದು, ಕಾಫಿ ಹೂ ಅರಳಿಸುವ ಹೂ ಮಳೆ ಬರುತ್ತೋ ಇಲ್ಲವೋ ಅಂತ ಮಾರ್ಚಿಯಲ್ಲಿ ಆಕಾಶ ನೋಡುವುದು ಅವರಿಗೂ ತಪ್ಪಿರಲಿಲ್ಲ. ಹೊಟ್ಟೆಪಾಡಿಗೆ ಬೇರೆ ದಾರಿ ಇದ್ದದ್ದರಿಂದಲೇ ಒಬ್ಬರಿಗೆ ಇಷ್ಟವಾಗಲಿ ಅಂತ ಬರೆಯುವ ಗರಜು ಅವರಿಗೆ ಬೀಳಲಿಲ್ಲ. ಸಂಬಳ ಬರುವ ಕೆಲಸವನ್ನು ಕೀಳು ಅಂತ ಅವಳು ಅಂದುಕೊಂಡಿದ್ದರೆ ದಯವಿಟ್ಟು ಬುದ್ಧಿ ಹೇಳಿ.

ಸಣ್ಣಪುಟ್ಟ ಎರಡು ಮಾತು. ನಮ್ಮ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಇಟ್ಟು ಬೀರುವಿಗೆ ಸೇರಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಲಿ, ಪೊಟ್ಟಣ ತೇವ ಎಳೆದಾಗ ಬದಲಾಯಿಸಲಿ. ಇನ್ನೊಂದು, ಗೂಡಿನ ಹತ್ತಿರ ಹೋಗಿ ಮರಿಗಳ ಫೋಟೊ ತೆಗೆಯುವುದು ಬೇಡ. ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟರೆ ಮರಿ ಉಳಿಯುವುದಿಲ್ಲ. ಅಂಥ ಫೋಟೊ ಎಷ್ಟೇ ಚೆನ್ನಾಗಿದ್ದರೂ ನಮ್ಮ ಪತ್ರಿಕೆ ಹಾಕುವುದಿಲ್ಲ.

ಕಾದಂಬರಿಯ ಮೊದಲ ಮೂರು ಅಧ್ಯಾಯ ನಮಗೆ ಕಳಿಸಲು ಹೇಳಿ, ಅಚ್ಚು ಮಾಡಿಸಿದ ಹತ್ತು ಫೋಟೊಗಳನ್ನೂ. ಎರಡನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಲಿ. ಕಥೆಗೆ ಅಂದ ಕೊಡಲಿ ಅಂತ ಫೋಟೊ, ಫೋಟೊ ಅರ್ಥವಾಗಲಿ ಅಂತ ಕಥೆ, ಹಾಗೆ ನೋಡಲು ನನಗೆ ಇಷ್ಟವಿಲ್ಲ. ಪ್ರತಿ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಊರು, ತಿಂಗಳು, ಹೊತ್ತು ಬರೆದಿರಲಿ. ಓದಿ, ನೋಡಿ, ಅನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಅವಳ ಹೆಸರಿಗೇ ಬರೆಯುತ್ತೇನೆ.

– ಸಂಪಾದಕ, ಚಿಕ್ಕಮಗಳೂರು