ಎದೆ ಇದ್ದಕ್ಕಿದ್ದಂತೆ ಓಡುತ್ತದೆ, ಇಸಿಜಿ ಮಾತ್ರ ನಾರ್ಮಲ್: ಇದು ಟೆನ್ಶನ್ನಾ, ಹೃದಯದ ತೊಂದರೆಯಾ?

ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಹಳೇ ಫೈಲು ತೆರೆದಂತಾಯಿತು. ತಿಂಗಳಿಗೆ ಒಂದೆರಡು ಸಲ, ಸುಮ್ನೆ ಕೂತಿದ್ದಾಗಲೇ ಎದೆ ಢವಢವ ಅಂತ ಓಡಲು ಶುರುವಾಗುತ್ತದೆ, ಹತ್ತಿಪ್ಪತ್ತು ನಿಮಿಷ ಇದ್ದು ತಾನಾಗಿಯೇ ನಿಲ್ಲುತ್ತದೆ, ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಸರಿ ಅಂತ ಬರೆದಿದ್ದೀರಿ. ಇಸಿಜಿ ನಾರ್ಮಲ್, ಎಕೋ ನಾರ್ಮಲ್, 'ಟೆನ್ಶನ್ ಕಡಿಮೆ ಮಾಡ್ಕೊಳ್ಳಿ' ಅನ್ನುವ ಸಲಹೆ. ಮುಂದೇನು ಮಾಡಲಿ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಇದೇ ಮಾತನ್ನು ಆರು ವರ್ಷ ಕೇಳಿಸಿಕೊಂಡವಳು, ಅಷ್ಟೇ. ಆರು ವರ್ಷ ಆದಮೇಲೆ ಗೊತ್ತಾಗಿದ್ದು ಇದು: ಎದೆ ಸರಿಯಾಗಿ ಬಡಿಯುತ್ತಿರುವಾಗ ತೆಗೆದ ಇಸಿಜಿ, ಎದೆ ಸರಿಯಾಗಿ ಬಡಿಯುತ್ತಿದೆ ಅಂತಲೇ ಹೇಳುತ್ತದೆ. ಮಾಮೂಲಿ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡು. ಒಂದು ದಿನಕ್ಕೆ 86,400 ಸೆಕೆಂಡು. ತಿಂಗಳಿಗೊಮ್ಮೆ ಬರುವ ಕಳ್ಳ ಆ ಹತ್ತು ಸೆಕೆಂಡಿನಲ್ಲೇ ಬಂದು ಸಿಕ್ಕಿಬೀಳಬೇಕು ಅಂದರೆ ಹೇಗೆ? ಹಾಗಂತ ನಾರ್ಮಲ್ ಇಸಿಜಿ ದಂಡ ಅಲ್ಲ. ಹುಟ್ಟಿನಿಂದಲೇ ಹೃದಯದಲ್ಲಿ ಒಂದು ಹೆಚ್ಚುವರಿ ತಂತು ಇರುವವರಲ್ಲಿ, ಅಂದರೆ ಡಬ್ಲ್ಯೂಪಿಡಬ್ಲ್ಯೂ ಇರುವವರಲ್ಲಿ, ಬಡಿತ ಸರಿ ಇದ್ದಾಗಲೂ ಆ ಗುರುತು ಕಾಣುವುದುಂಟು. ಎಕೋ ನೋಡುವುದು ಬೇರೆಯದನ್ನು: ಕವಾಟ, ಗೋಡೆ, ರಕ್ತ ತಳ್ಳುವ ಶಕ್ತಿ. ಮನೆಯ ಗೋಡೆ ಗಟ್ಟಿಯಾಗಿದ್ದರೂ ವೈರಿಂಗ್ ಕೆಟ್ಟಿರಬಹುದು, ಅಲ್ವಾ?

ಆ ವೈರಿಂಗ್ ಬಗ್ಗೆ ಸ್ವಲ್ಪ. ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಗಂಟು ಇದೆ. ಬಡಿತ ಹುಟ್ಟುವುದು ಅಲ್ಲಿ, ಆರಾಮಾಗಿ ಕೂತಾಗ ನಿಮಿಷಕ್ಕೆ 60ರಿಂದ 100. ಆ ವಿದ್ಯುತ್ ಮೇಲಿನ ಕೋಣೆಗಳಲ್ಲಿ ಹರಡಿ, ನಡುವೆ ಇರುವ ಎವಿ ನೋಡ್ ಅನ್ನುವ ಗೇಟಿನಲ್ಲಿ ಕ್ಷಣ ನಿಂತು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಕೆಲವರಲ್ಲಿ ಆ ಗೇಟಿಗೆ ಬರುವ ದಾರಿ ಒಂದಲ್ಲ, ಎರಡು: ಒಂದು ನಿಧಾನದ್ದು, ಒಂದು ವೇಗದ್ದು. ಎಷ್ಟೋ ಜನಕ್ಕೆ ಹೀಗಿದ್ದೂ ಜೀವನವಿಡೀ ಏನೂ ಆಗುವುದಿಲ್ಲ. ಆದರೆ ಯಾವತ್ತೋ ಒಂದು ಬಡಿತ ಸ್ವಲ್ಪ ಬೇಗ ಬಿತ್ತು ಅನ್ನಿ. ಅದು ನಿಧಾನದ ದಾರಿಯಲ್ಲಿ ಇಳಿದು, ವೇಗದ ದಾರಿಯಲ್ಲಿ ಹಿಂದಕ್ಕೆ ಹತ್ತಿ, ಮತ್ತೆ ಇಳಿದು, ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಹೃದಯ ಒಂದು ಸಲ ಬಡಿಯುತ್ತದೆ. ಹೀಗೆ ನಿಮಿಷಕ್ಕೆ 150ರಿಂದ 250ರವರೆಗೆ ಹೋಗಬಹುದು. ಇಂಥ ಓಟಗಳಿಗೆಲ್ಲ ಒಟ್ಟಾಗಿ ಎಸ್‌ವಿಟಿ ಅನ್ನುತ್ತಾರೆ. ನನಗಿದ್ದದ್ದು ಈ ಎರಡು ದಾರಿಯ ಜಾತಿ.

ಟೆನ್ಶನ್ನಿಗೂ ಇದಕ್ಕೂ ಹೇಗೆ ವ್ಯತ್ಯಾಸ ಹೇಳುವುದು? ಖಚಿತವಾಗಿ ಹೇಳುವುದು ಇಸಿಜಿಯೇ. ಆದರೆ ಕೆಲವು ಸುಳಿವುಗಳಿವೆ. ಗಾಬರಿಯ ಬಡಿತ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಎಸ್‌ವಿಟಿ ಸ್ವಿಚ್ ಹಾಕಿದಂತೆ ಶುರು, ಸ್ವಿಚ್ ಆರಿಸಿದಂತೆ ಬಂದ್. 'ಯಾವ ಕ್ಷಣ ಶುರುವಾಯಿತು' ಅಂತ ಬೆರಳಿಟ್ಟು ತೋರಿಸಲು ನಿಮಗೆ ಬರುತ್ತದಾ? ನನಗೆ ಬರುತ್ತಿತ್ತು. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಬಡಿತ ತಪ್ಪಿದಂತೆ ಅನಿಸಿ, ಮರುಕ್ಷಣ ಓಟ. ಇನ್ನೊಂದು, ಕತ್ತಿನ ನರ ಕಪ್ಪೆಯ ಗಂಟಲಿನ ಹಾಗೆ ಪಟಪಟ ಅನ್ನುತ್ತಿತ್ತು. ಕನ್ನಡಿಯಲ್ಲಿ ಕಾಣುತ್ತಿತ್ತು. ಮತ್ತೊಂದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ವರ್ಷಗಟ್ಟಲೆ ಹೇಳಿರಲೇ ಇಲ್ಲ: ಪ್ರತಿ ಸಲ ಬಂದಾಗಲೂ ಹಿಂದೆಯೇ ಮೂರ್ನಾಲ್ಕು ಸಲ ಬಾತ್‌ರೂಮಿಗೆ ಓಡಬೇಕಿತ್ತು. ಇದನ್ನು ಕೇಳಿದ್ದೇ ತಡ, ಕೊನೆಗೆ ಸಿಕ್ಕ ಹೃದಯದ ಡಾಕ್ಟರ ಮುಖ ಅರಳಿತು. ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ ಮೂತ್ರ ಜಾಸ್ತಿ ಮಾಡಿಸುವ ಹಾರ್ಮೋನು ಬಿಡುತ್ತವಂತೆ. ಅವರು ಇನ್ನೊಂದು ಕೆಲಸ ಮಾಡಿಸಿದರು. 'ಆ ಬಡಿತ ಹೇಗಿರುತ್ತೆ, ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿ' ಅಂದರು. ತಟ್ಟಿದೆ, ಒಂದೇ ಸಮನೆ, ಹೊಲಿಗೆ ಮಿಶನ್ನಿನ ಹಾಗೆ. 'ನಡುನಡುವೆ ಎಡವಲ್ವಾ?' ಇಲ್ಲ. ಅಷ್ಟರಲ್ಲೇ ಅವರು ಅರ್ಧ ತೀರ್ಮಾನಕ್ಕೆ ಬಂದಿದ್ದರು. ನೀವೂ ಹೀಗೆ ತಟ್ಟಿ ನೋಡಿ.

ಹಿಂದೆ ನೋಡಿದ ಡಾಕ್ಟರುಗಳನ್ನು ನಾನು ಬೈಯುವುದಿಲ್ಲ. ಎದುರಿಗಿಲ್ಲದ ಬಡಿತವನ್ನು ಅವರಾದರೂ ಹೇಗೆ ನೋಡಬೇಕು? ಒಂದೇ ಒಂದು ಸಿಟ್ಟು ಉಳಿದಿದೆ. ಒಬ್ಬರು ನನ್ನೆದುರೇ ನನ್ನ ಗಂಡನಿಗೆ 'ಸ್ವಲ್ಪ ಹೊರಗೆ ಸುತ್ತಾಡಿಸಿಕೊಂಡು ಬನ್ನಿ, ಸರಿ ಹೋಗ್ತಾರೆ' ಅಂದರು. ಎಸ್‌ವಿಟಿ ಬಂದಾಗ ಗಾಬರಿ ಆಗೇ ಆಗುತ್ತದೆ. ಗಾಬರಿಯಿಂದ ಬಡಿತ ಬಂತೋ, ಬಡಿತದಿಂದ ಗಾಬರಿ ಬಂತೋ ಅಂತ ಕೇಳಬೇಕಿತ್ತು.

ಹಾಗಾದರೆ ಹಿಡಿಯುವುದು ಹೇಗೆ? ದಿನವೂ ಬರುವುದಾದರೆ 24 ಅಥವಾ 48 ಗಂಟೆ ಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್ ಸಾಕು. ಎದೆಗೆ ಅಂಟಿಸಿದ ಪಟ್ಟಿಗಳು, ಸೊಂಟದಲ್ಲಿ ಪುಟ್ಟ ಡಬ್ಬಿ. (ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದ ಮೊದಲ ಯಂತ್ರ ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು, ತೂಕ ಸುಮಾರು 38 ಕಿಲೋ. ನಾವು ಪುಣ್ಯವಂತರು.) ನಿಮ್ಮ ಹಾಗೆ ತಿಂಗಳಿಗೊಮ್ಮೆ ಬರುವುದಾದರೆ ಒಂದು ದಿನದ ಹೋಲ್ಟರ್ ಹಾಕಿಸಿ 'ಏನೂ ಇಲ್ಲ' ಅನ್ನಿಸಿಕೊಳ್ಳುವ ಸಂಭವವೇ ಜಾಸ್ತಿ. ನನಗೂ ಹಾಗೇ ಆಯಿತು. ಎರಡು ವಾರ ಎದೆಗೆ ಅಂಟಿಕೊಂಡಿರುವ ಪ್ಯಾಚ್ ಇದೆಯಾ, ಬಂದಾಗ ಬಟನ್ ಒತ್ತುವ ಈವೆಂಟ್ ರೆಕಾರ್ಡರ್ ಸಿಗುತ್ತದಾ ಅಂತ ಕೇಳಿ. ಅಪರೂಪಕ್ಕೊಮ್ಮೆ ಬಂದು ಎಚ್ಚರ ತಪ್ಪಿಸುವಂಥದ್ದಾದರೆ ಚರ್ಮದ ಕೆಳಗೆ ಲೂಪ್ ರೆಕಾರ್ಡರ್ ಇಡುತ್ತಾರೆ. ಅದು ವರ್ಷಗಟ್ಟಲೆ ಕಾಯುತ್ತದೆ. ಕೈಗಡಿಯಾರದಲ್ಲಿ ಇಸಿಜಿ ಸೌಲಭ್ಯ ಇದ್ದರೆ ಬಂದ ಕೂಡಲೇ ಬೆರಳಿಟ್ಟು 30 ಸೆಕೆಂಡು ತೆಗೆದುಕೊಳ್ಳಿ. ಬರೀ ಹಸಿರು ದೀಪದಿಂದ ಎಣಿಸುವ ಸಂಖ್ಯೆ ಬೇರೆ, ಈ ಗೆರೆ ಬೇರೆ. ಡಾಕ್ಟರಿಗೆ ಬೇಕಾದದ್ದು ಗೆರೆ.

ನನ್ನದು ಸಿಕ್ಕಿದ್ದು ಇದ್ಯಾವುದರಲ್ಲೂ ಅಲ್ಲ. ಒಂದು ರಾತ್ರಿ ಒಂದೂವರೆ ಗಂಟೆಯಾದರೂ ನಿಲ್ಲಲಿಲ್ಲ. ತುರ್ತು ಚಿಕಿತ್ಸೆ ವಿಭಾಗಕ್ಕೆ ಹೋದವಳೇ 'ಮೊದಲು ಇಸಿಜಿ ತೆಗೆಯಿರಿ, ಆಮೇಲೆ ಹೆಸರು ಬರೆದುಕೊಳ್ಳಿ' ಅಂದೆ. ಅಷ್ಟು ಜೋರಾಗಿ ನಾನು ಮಾತಾಡಿದ್ದು ಅದೇ ಮೊದಲು. ಕಾಗದದಲ್ಲಿ ಎರಡು ಮೊನೆಗಳ ನಡುವೆ ಒಂದೂವರೆ ದೊಡ್ಡ ಚೌಕ. 300ನ್ನು ಚೌಕದ ಸಂಖ್ಯೆಯಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ, ಅಂದರೆ 200. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು. ಸೂಜಿ ಇಲ್ಲದ ಸಿರಿಂಜ್ ಕೈಗೆ ಕೊಟ್ಟು 'ಇದರ ದಂಡ ಅಲುಗೋ ಹಾಗೆ 15 ಸೆಕೆಂಡು ಊದಿ' ಅಂದರು. ಊದಿ ಮುಗಿದ ತಕ್ಷಣ ಮಂಚವನ್ನು ಚಪ್ಪಟೆ ಮಾಡಿ, ನರ್ಸ್ ನನ್ನ ಕಾಲೆರಡನ್ನೂ ಎತ್ತಿ ಹಿಡಿದರು. ಎವಿ ನೋಡನ್ನು ಕ್ಷಣ ಮಂಕು ಮಾಡುವ ಉಪಾಯ ಇದು. 2015ರಲ್ಲಿ ಪ್ರಕಟವಾದ ರಿವರ್ಟ್ ಅಧ್ಯಯನದಲ್ಲಿ ಬರೀ ಊದಿದವರಲ್ಲಿ ಶೇ 17 ಮಂದಿಗೆ ಬಡಿತ ಹಳಿಗೆ ಬಂದರೆ, ಊದಿ ಕಾಲೆತ್ತಿದವರಲ್ಲಿ ಶೇ 43 ಮಂದಿಗೆ ಬಂತು. ನನಗೆ ಬರಲಿಲ್ಲ.

ಆಮೇಲೆ ಅಡೆನೊಸಿನ್, ಎವಿ ನೋಡನ್ನು ಕ್ಷಣ ತಡೆಯುವ ಚುಚ್ಚುಮದ್ದು. ಮೊಣಕೈ ಮಡಿಕೆಯ ದೊಡ್ಡ ನರಕ್ಕೆ, ಚುಚ್ಚುಮದ್ದಿನ ಬೆನ್ನಿಗೇ ಸಲೈನ್ ನೂಕಿ, ಝಟ್ಟಂತ ಕೊಡಬೇಕು. ಅದು ರಕ್ತದಲ್ಲಿ ಕೆಲವೇ ಸೆಕೆಂಡು ಉಳಿಯುವ ಔಷಧಿ. 6 ಮಿಲಿಗ್ರಾಂಗೆ ಏನೂ ಆಗಲಿಲ್ಲ. 12ಕ್ಕೆ ಎದೆಯ ಮೇಲೆ ಯಾರೋ ಕೂತಂತಾಯಿತು, ಮುಖ ಬಿಸಿಯಾಯಿತು, ಪ್ರಾಣ ಹೋಯಿತು ಅಂತಲೇ ಅಂದುಕೊಂಡೆ. ಮಾನಿಟರಿನಲ್ಲಿ ಗೆರೆ ಚಪ್ಪಟೆಯಾಗಿ ಓಡಿತು. ಒಂದು ಮೊನೆ. ಇನ್ನೊಂದು. ಆಮೇಲೆ 92. ನಿಮಗೂ ಇದನ್ನು ಕೊಡುವ ದಿನ ಬಂದರೆ ಈ ಸಂಕಟ ಕೆಲವೇ ಸೆಕೆಂಡಿನದ್ದು ಅಂತ ನೆನಪಿರಲಿ. ಅಸ್ತಮಾ ಇದ್ದರೆ ಮೊದಲೇ ಹೇಳಿ.

ಈಗ ಚಿಕಿತ್ಸೆ. ಅಪರೂಪಕ್ಕೆ ಬಂದು ಬೇಗ ಹೋಗುವುದಾದರೆ ಏನೂ ಮಾಡದೆ, ಊದುವ ಉಪಾಯ ಕಲಿತುಕೊಂಡು ಇರುವುದೂ ಒಂದು ದಾರಿಯೇ. ಮೆಟೊಪ್ರೊಲಾಲ್, ವೆರಾಪಮಿಲ್ ಥರದ ಮಾತ್ರೆಗಳಿವೆ. ಬಡಿತ ಬರುವುದನ್ನು ಕಡಿಮೆ ಮಾಡುತ್ತವೆ, ದಾರಿಯನ್ನು ಮುಚ್ಚುವುದಿಲ್ಲ. ಡಬ್ಲ್ಯೂಪಿಡಬ್ಲ್ಯೂ ಇದ್ದವರಿಗೆ ಇಂಥ ಕೆಲವು ಮಾತ್ರೆ ಅಪಾಯಕ್ಕೂ ತಿರುಗಬಹುದು, ಹಾಗಾಗಿ ಬೇರೆಯವರ ಚೀಟಿ ನೋಡಿ ನುಂಗಬೇಡಿ. ನಾನು ಒಂದು ವರ್ಷ ಮಾತ್ರೆ ತಗೊಂಡೆ. ಮೆಟ್ಟಿಲು ಹತ್ತಿದರೆ ಕಾಲು ಸೀಸದಂತೆ ಭಾರ. ಬೇಸತ್ತು ಅಬ್ಲೇಶನ್‌ಗೆ ಒಪ್ಪಿದೆ.

ಅದರ ಹೆಸರು ಕೇಳಿದರೆ ಎದೆ ಸೀಳುತ್ತಾರೇನೋ ಅನಿಸುತ್ತದೆ. ಇಲ್ಲ. ತೊಡೆಸಂದಿನಲ್ಲಿ ಮರಗಟ್ಟಿಸಿ, ಅಲ್ಲಿನ ರಕ್ತನಾಳದಿಂದ ಮೂರ್ನಾಲ್ಕು ತೆಳು ವೈರುಗಳನ್ನು ಹೃದಯದವರೆಗೆ ಕಳಿಸುತ್ತಾರೆ. ನನಗೆ ಅರೆ ನಿದ್ದೆ, ಅರೆ ಎಚ್ಚರ. ವಿಚಿತ್ರ ಏನೆಂದರೆ, ಆರು ವರ್ಷ ಯಾವುದು ಬರಬಾರದು ಅಂತ ಬೇಡಿಕೊಂಡಿದ್ದೆನೋ ಅದನ್ನೇ ಅವರು ಬೇಕಂತಲೇ ಬರಿಸುತ್ತಾರೆ. ಪುಟ್ಟ ಪುಟ್ಟ ವಿದ್ಯುತ್ ಬಡಿತ ಕೊಟ್ಟು ಕೊಟ್ಟು, ಗಾಜಿನ ಆಚೆಯಿಂದ ಒಂದು ದನಿ: 'ಇದೇನಾ ನಿಮ್ಮ ಬಡಿತ?' ಅದೇ. ಕತ್ತಿನ ಆ ಪಟಪಟವೂ ಅದೇ. ಅಳು ಬಂತು, ನೋವಿಗಲ್ಲ. ಆಮೇಲೆ ಆ ನಿಧಾನದ ದಾರಿಯನ್ನು ವೈರಿನ ತುದಿಯಿಂದ ಬಿಸಿ ಮುಟ್ಟಿಸಿ ಸುಟ್ಟರು. ಮತ್ತೆ ಬರಿಸಲು ನೋಡಿದರು, ಬರಲಿಲ್ಲ. ಕೆಲವು ಗಂಟೆ ಕಾಲು ಮಡಚದೆ ಮಲಗಿದ್ದು, ಮಾರನೇ ದಿನ ಮನೆ.

ಈ ಜಾತಿಯ ಎಸ್‌ವಿಟಿಗೆ ಅಬ್ಲೇಶನ್ ನೂರರಲ್ಲಿ ಸುಮಾರು 95 ಜನಕ್ಕೆ ಕೆಲಸ ಮಾಡುತ್ತದೆ. ಸುಡುವ ಜಾಗ ಎವಿ ನೋಡ್ ಪಕ್ಕದಲ್ಲೇ ಇರುವುದರಿಂದ ಗೇಟೇ ಕೆಟ್ಟು ಪೇಸ್‌ಮೇಕರ್ ಬೇಕಾಗುವ ಅಪಾಯವೂ ಇದೆ, ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ. ಸಹಿ ಹಾಕುವ ಮುಂಚೆ ಇದನ್ನು ಬಾಯಿಬಿಟ್ಟು ಕೇಳಿ. ಮುಗಿದ ಮೇಲೂ ಕೆಲವು ತಿಂಗಳು ಒಂದೊಂದು ಬಡಿತ ತಪ್ಪಿದಾಗೆಲ್ಲ ನನ್ನ ಕೈ ಕತ್ತಿಗೆ ಹೋಗುತ್ತಿತ್ತು. ಒಂದು ಬಡಿತ ಬೇಗ ಬಿದ್ದು, ಸ್ವಲ್ಪ ತಡೆದು, ಮುಂದಿನದು ಧಡ್ ಅಂತ ಬೀಳುವುದು ಆರೋಗ್ಯವಂತರಲ್ಲೂ ಇರುತ್ತದೆ.

ತಟ್ಟಿ ತೋರಿಸುವಾಗ ತಾಳ ಎಡವಿದರೆ ಕಥೆ ಬೇರೆ. ನಮ್ಮ ಅತ್ತೆಯವರಿಗೆ ಎದೆ ಹೊಡೆದುಕೊಂಡಿದ್ದೇ ಗೊತ್ತಿಲ್ಲ. ಮನೆಯ ಬಿಪಿ ಮಿಶನ್ ಪದೇ ಪದೇ ಒಂದು ಗುರುತು ತೋರಿಸುತ್ತಿತ್ತು ಅಂತ ನಾಡಿ ಹಿಡಿದರೆ, ಎರಡು ಬೇಗ, ಒಂದು ತಡ, ಮೂರು ಬೇಗ, ಲೆಕ್ಕವೇ ಇಲ್ಲ. ಎಎಫ್, ಅಂದರೆ ಏಟ್ರಿಯಲ್ ಫಿಬ್ರಿಲೇಶನ್. ಇದರಲ್ಲಿ ಮೇಲಿನ ಕೋಣೆಗಳು ಹಿಂಡುವ ಬದಲು ಅದುರುತ್ತವೆ, ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಆ ಅಪಾಯ ಎಎಫ್ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ಹಾಗಾಗಿ ವಯಸ್ಸು, ಬಿಪಿ, ಶುಗರ್ ಎಲ್ಲ ನೋಡಿ ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ಅತ್ತೆಯವರು 'ನನಗೇನೂ ಆಗ್ತಿಲ್ವಲ್ಲ' ಅಂತ ಹತ್ತು ದಿನ ಬಿಟ್ಟಿದ್ದರು. ಆ ಮಾತ್ರೆ ಬಡಿತ ಸರಿ ಮಾಡಲು ಅಲ್ಲ, ಹೆಪ್ಪುಗಟ್ಟದಿರಲು ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನಿಮಗೆ ಕಾಯದೆ ಹೋಗಬೇಕಾದ ಸಂದರ್ಭಗಳು: ಬಡಿತದ ಜೊತೆ ಎದೆನೋವು, ಉಸಿರು ಕಟ್ಟುವುದು, ಕಣ್ಣು ಕತ್ತಲಿಟ್ಟು ಬೀಳುವುದು. ಓಡುವಾಗ ಎಚ್ಚರ ತಪ್ಪಿದ್ದರೆ, ಅಥವಾ ನಿಮ್ಮ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಇವತ್ತೇ ಹೇಳಿ. ಅಂಥವರಲ್ಲಿ ತೊಂದರೆ ಕೆಳಗಿನ ಕೋಣೆಗಳದ್ದಿರಬಹುದು, ಅದು ಪ್ರಾಣಕ್ಕೇ ಕುತ್ತು. ಬಡಿತ ಬಂದಿರುವಾಗ ವಾಹನ ಓಡಿಸಬೇಡಿ. ಹಾಗೇ ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ ನೋಡಿಸಿಲ್ಲದಿದ್ದರೆ ನೋಡಿಸಿ. ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ.

ಮುಂದಿನ ಸಲ ಬಂದಾಗ, ಇಳಿಯುವವರೆಗೆ ಕಾಯದೆ, ಹತ್ತಿರದಲ್ಲಿ ಎಲ್ಲಿ ಇಸಿಜಿ ಮಿಶನ್ ಇದೆಯೋ ಅಲ್ಲಿಗೆ ಹೋಗಿ. ದೊಡ್ಡ ಆಸ್ಪತ್ರೆಯೇ ಆಗಬೇಕಿಲ್ಲ. ಕಾಗದವನ್ನು ನೀವೇ ಇಸಿದುಕೊಳ್ಳಿ, ಮತ್ತು ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅದು ಶಾಖದಿಂದ ಅಚ್ಚಾಗುವ ಕಾಗದ, ಮಾಸುತ್ತದೆ. ಆ ರಾತ್ರಿಯ ನನ್ನ ಕಾಗದ ಫೈಲಿನಲ್ಲಿ ಈಗಲೂ ಇದೆ. ಗೆರೆಯೆಲ್ಲ ಹೋಗಿ, ಮೂಲೆಯಲ್ಲಿ ಆ ಡ್ಯೂಟಿ ಡಾಕ್ಟರು ಪೆನ್ನಿನಲ್ಲಿ ಬರೆದ 200 ಮಾತ್ರ ಉಳಿದಿದೆ.