ಪಿಯುಸಿಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಳ್ಳಲೇ, ಬೇಡವೇ?

ಎಸ್‌ಎಸ್‌ಎಲ್‌ಸಿ ಕನ್ನಡದಲ್ಲಿ 125ಕ್ಕೆ 119 ಬಂದಿದೆ, ಕಲಾ ವಿಭಾಗ ಸೇರುವುದು ಗಟ್ಟಿ, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ತೀರ್ಮಾನವಾಗಿವೆ, ನಾಲ್ಕನೆಯದು ಐಚ್ಛಿಕ ಕನ್ನಡವೋ ಅರ್ಥಶಾಸ್ತ್ರವೋ ಎಂದು ಕೇಳಿದ್ದೀರಿ. ಕಥೆ ಕಾದಂಬರಿ ಓದುವುದು ಇಷ್ಟ, ಹಳಗನ್ನಡ ಎಂದರೆ ಭಯ, "ಮನೆಯಲ್ಲಿ ಆಡುವ ಭಾಷೆಯನ್ನು ಕಾಲೇಜಿನಲ್ಲಿ ಎರಡೆರಡು ಸಲ ಓದಬೇಕೇ" ಎಂದು ಸೋದರಮಾವ ನಗುತ್ತಾರೆ ಎಂದೂ ಬರೆದಿದ್ದೀರಿ.

1998ರಲ್ಲಿ ನನಗೂ ಇದೇ ಪ್ರಶ್ನೆ ಎದುರಾಗಿತ್ತು. ನಾನು ಐಚ್ಛಿಕ ಕನ್ನಡ ತೆಗೆದುಕೊಂಡೆ. ಆಮೇಲೆ ಉಪನ್ಯಾಸಕನಾಗಲಿಲ್ಲ, ಕವಿಯಂತೂ ಆಗಲೇ ಇಲ್ಲ. ಉಪನೋಂದಣಿ ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರ್ ಇಟ್ಟುಕೊಂಡಿರುವ ಪತ್ರ ಬರಹಗಾರ ನಾನು. ಆದ್ದರಿಂದ ಈ ವಿಷಯದ ಬಗ್ಗೆ ಭಾಷಣ ಮಾಡಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಮೊದಲು ಮಾವನವರ ಮಾತು. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಭಾಷೆಯಾಗಿ ಓದುವ ಕನ್ನಡ ಬೇರೆ, ಐಚ್ಛಿಕ ಕನ್ನಡ ಬೇರೆ. ಮೊದಲನೆಯದು ನೀವು ಪ್ರೌಢಶಾಲೆಯಲ್ಲಿ ಓದಿದ್ದರ ಮುಂದುವರಿಕೆ: ಗದ್ಯ, ಪದ್ಯ, ಒಂದಷ್ಟು ವ್ಯಾಕರಣ, ಪತ್ರಲೇಖನ. ಎರಡನೆಯದರಲ್ಲಿ ಸಾಹಿತ್ಯ ಚರಿತ್ರೆ, ಹಳಗನ್ನಡ ಮತ್ತು ನಡುಗನ್ನಡ ಕಾವ್ಯಭಾಗ, ಛಂದಸ್ಸು, ಅಲಂಕಾರ ಬರುತ್ತವೆ. 119 ಅಂಕ ನಿಮಗೆ ಮೊದಲನೆಯದು ಸುಲಭ ಎಂದಷ್ಟೇ ಹೇಳುತ್ತದೆ. ಎರಡನೆಯದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ತರಗತಿಯಲ್ಲಿ ಎಸ್‌ಎಸ್‌ಎಲ್‌ಸಿ ಕನ್ನಡದಲ್ಲಿ ಎಲ್ಲರಿಗಿಂತ ಹೆಚ್ಚು ತೆಗೆದಿದ್ದ ಹುಡುಗ ಎರಡೇ ತಿಂಗಳಲ್ಲಿ ಬೇಸತ್ತುಹೋದ. ಅವನಿಗೆ ಇಷ್ಟವಿದ್ದದ್ದು ಪ್ರಬಂಧ ಬರೆಯುವುದು. ಇಲ್ಲಿ ನೋಡಿದರೆ ನಾಲ್ಕು ಸಾಲಿನ ಮೇಲೆ ಒಂದು ಗಂಟೆ.

ಆ ಒಂದು ಗಂಟೆ ಹೇಗಿರುತ್ತದೆ ಎಂದು ತೋರಿಸುತ್ತೇನೆ. ತೀರ್ಮಾನ ಮಾಡಬೇಕಾದ್ದು ಅದರ ಮೇಲೆಯೇ.

ನಮ್ಮ ಮೇಷ್ಟ್ರು ಮೊದಲ ದಿನವೇ ಪುಸ್ತಕ ಮುಚ್ಚಿಸಿ, ಕಪ್ಪುಹಲಗೆಯ ಮೇಲೆ ಪಾಲ್, ಪುಲಿ, ಪೂ ಎಂದು ಮೂರು ಮಾತು ಬರೆದರು. ಯಾರಿಗೂ ಅರ್ಥವಾಗಲಿಲ್ಲ. "ಪ ತೆಗೆದು ಹ ಹಾಕಿ" ಎಂದರು. ಹಾಲು, ಹುಲಿ, ಹೂ. ಹಿಂದಿನ ಬೆಂಚಿನಲ್ಲಿದ್ದ, ಮನೆಯಲ್ಲಿ ತಮಿಳು ಆಡುವ ಹುಡುಗ ಎದ್ದು "ಸಾರ್, ನಮ್ಮಮ್ಮ ಈಗಲೂ ಪಾಲ್ ಎಂದೇ ಹೇಳುತ್ತಾರೆ" ಎಂದ. ಇಡೀ ವರ್ಷದಲ್ಲಿ ಅವನು ತಾನಾಗಿಯೇ ಮಾತಾಡಿದ್ದು ಅದೊಂದೇ ಸಲ. ಆಮೇಲೆ ಕಲ್, ಮಣ್ ಬಂದವು. ಕೊನೆಯಲ್ಲಿ ಉಕಾರ ಸೇರಿ ಕಲ್ಲು, ಮಣ್ಣು ಆದವು. ಇಷ್ಟು ಹೊತ್ತಿಗೆ ನಮ್ಮ ಭಯದಲ್ಲಿ ಅರ್ಧ ಇಳಿದಿತ್ತು.

ಉಳಿದರ್ಧ ಇಳಿದದ್ದು ಹತ್ತನೆಯ ಶತಮಾನದ ಪಂಪನ ಸಾಲಿನಿಂದ. ಬನವಾಸಿಯ ಕಡೆಗೆ ಹೋಗುವ ಬಸ್ಸಿನ ಮೇಲೂ ಬರೆದಿರಬಹುದಾದಷ್ಟು ಪ್ರಸಿದ್ಧವಾದ ಸಾಲು: "ನೆನೆವುದೆನ್ನ ಮನಂ ಬನವಾಸಿ ದೇಶಮಂ". ಮನಂ ಎಂಬುದಕ್ಕೂ ಸೊನ್ನೆ, ದೇಶಮಂ ಎಂಬುದಕ್ಕೂ ಸೊನ್ನೆ. ಹಾಗಾದರೆ ಯಾರು ಯಾರನ್ನು ನೆನೆಯುತ್ತಾರೆ? ಮನಸ್ಸು ದೇಶವನ್ನೋ, ದೇಶ ಮನಸ್ಸನ್ನೋ? ಮನಂ ಪ್ರಥಮಾ ವಿಭಕ್ತಿ, ದೇಶಮಂ ದ್ವಿತೀಯಾ. "ಮಂ" ಬಂದ ಕಡೆ ಈಗಿನ "ವನ್ನು" ಇಟ್ಟು ಓದಿದರೆ ಸಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮೊದಲು ಕ್ರಿಯಾಪದ ಹುಡುಕು, ಆಮೇಲೆ ಕರ್ತೃ, ಆಮೇಲೆ ಕರ್ಮ, ಉಳಿದದ್ದೆಲ್ಲ ಯಾವುದಕ್ಕೆ ಅಂಟಿಕೊಂಡಿದೆ ನೋಡು. ಇದಕ್ಕೆ ಅನ್ವಯ ಮಾಡುವುದು ಎನ್ನುತ್ತಾರೆ. ಒಂದು ವರ್ಷವಿಡೀ ನಾವು ಮಾಡಿದ್ದು ಹೆಚ್ಚಾಗಿ ಇದನ್ನೇ.

ಛಂದಸ್ಸನ್ನು ಎಲ್ಲರೂ ಬಾಯಿಪಾಠದ ವಿಷಯ ಎಂದುಕೊಂಡಿರುತ್ತಾರೆ. ಅದು ಕಿವಿಯ ವಿಷಯ. ಗದುಗಿನ ಕುಮಾರವ್ಯಾಸ ತನ್ನ ಭಾರತವನ್ನು ಪೂರ್ತಿಯಾಗಿ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದಲ್ಲಿ ಬರೆದ. ಅದರ ಮೊದಲ ಪದ್ಯ "ಶ್ರೀವನಿತೆಯರಸನೆ ವಿಮಲ ರಾ" ಎಂದು ಶುರುವಾಗಿ ಅಲ್ಲಿಗೆ ಮೊದಲ ಸಾಲು ಮುಗಿಯುತ್ತದೆ. ರಾಜೀವ ಎಂಬ ಪದದ ರುಂಡ ಸಾಲಿನ ಕೊನೆಯಲ್ಲಿ, ಮುಂಡ ಮುಂದಿನ ಸಾಲಿನಲ್ಲಿ: "ಜೀವಪೀಠನ ಪಿತನೆ ಜಗಕತಿ". ಮೂರನೆಯ ಸಾಲು ಶುರುವಾಗುವುದು "ಪಾವನನೆ" ಎಂದು. ಹೀಗೆ ಪದವನ್ನು ಕಡಿದದ್ದು ಯಾಕೆ ಎಂದು ಮೇಷ್ಟ್ರು ಕೇಳಿದರು. ಎರಡನೆಯ ಅಕ್ಷರ ನೋಡಿ: ಶ್ರೀ-ವ, ಜೀ-ವ, ಪಾ-ವ. ಪ್ರತಿ ಸಾಲಿನಲ್ಲೂ ಅಲ್ಲಿ ವಕಾರವೇ ಬರಬೇಕು, ಅದು ಆದಿಪ್ರಾಸ. ಜೊತೆಗೆ ಮಾತ್ರೆಗಳ ಲೆಕ್ಕ (ಹ್ರಸ್ವ ಅಕ್ಷರಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು): ಮೂರು, ನಾಲ್ಕು, ಮೂರು, ನಾಲ್ಕು. ಶ್ರೀವ, ನಿತೆಯರ, ಸನೆವಿ, ಮಲರಾ. ಮೇಷ್ಟ್ರು ಮೇಜಿನ ಮೇಲೆ ಡಸ್ಟರಿನಿಂದ ಬಡಿದು ತೋರಿಸಿದಾಗ ಸೀಮೆಸುಣ್ಣದ ಪುಡಿ ಎದ್ದು ಮೊದಲ ಬೆಂಚಿನವರೆಲ್ಲ ಕೆಮ್ಮಿದರು.

ಆ ದಿನ ಮಧ್ಯಾಹ್ನ ನನ್ನ ಗೆಳೆಯನೊಬ್ಬ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೀಗೆ ಬರೆದ:

ಬಸ್ಸು ತಪ್ಪಿತು ಊಟವಿಲ್ಲದೆ
ಉಸ್ಸು ಎನ್ನುತ ನಿಂತೆನಲ್ಲಿಯೆ

ಎಣಿಸಿ ನೋಡಿ, ಮೂರು ನಾಲ್ಕು ಮೂರು ನಾಲ್ಕು ಸರಿಯಾಗಿದೆ, ಪ್ರಾಸವೂ ಕೂತಿದೆ. ಮೂರನೆಯ ಸಾಲು ಉದ್ದ. ಅದಕ್ಕೆ ಎರಡನೆಯ ಅಕ್ಷರ "ಸ್ಸ" ಬರುವ ಮಾತು ಸಿಗದೆ ಸಂಜೆಯ ಬಸ್ಸೂ ತಪ್ಪಿತು. ಇದರಿಂದ ಯಾರಿಗೂ ಒಂದು ಅಂಕವೂ ಹೆಚ್ಚು ಬರಲಿಲ್ಲ. ಆದರೆ ಕಾವ್ಯ ಬರೆಯುವವನ ಕಷ್ಟ ಏನೆಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಇದನ್ನು ಓದುವಾಗ ನಿಮ್ಮ ಬೆರಳು ಮಾತ್ರೆ ಎಣಿಸಿತೇ? ಎಣಿಸಿದ್ದರೆ ಐಚ್ಛಿಕ ಕನ್ನಡ ತೆಗೆದುಕೊಳ್ಳಿ. "ಇದೇನು ತಲೆನೋವು, ಕಥೆ ಎಲ್ಲಿ" ಎನ್ನಿಸಿದ್ದರೆ ಬೇಡ. ಕಥೆ ಕಾದಂಬರಿಗಳನ್ನು ಗ್ರಂಥಾಲಯದಿಂದ ತಂದು ಓದಿ, ಅದಕ್ಕೆ ಪರೀಕ್ಷೆ ಬರೆಯುವ ಅಗತ್ಯವಿಲ್ಲ. ಬೇಡ ಎನ್ನಿಸುವುದರಲ್ಲಿ ಅವಮಾನವೂ ಇಲ್ಲ. ಚೆನ್ನಾಗಿ ಓದುವ ಎಷ್ಟೋ ಮಂದಿಗೆ ಓದಿದ್ದನ್ನು ಬಿಚ್ಚಿ ನೋಡುವುದೆಂದರೆ ಆಗುವುದಿಲ್ಲ.

ಇಷ್ಟರ ಮೇಲೆ ಇನ್ನೊಂದು ವಿಚಾರವಿದೆ, ಅದನ್ನು ಯಾರೂ ಹೇಳುವುದಿಲ್ಲ. ಮೇಲೆ ಬರೆದದ್ದೆಲ್ಲ ನನ್ನ ಪ್ರಥಮ ಪಿಯುಸಿಯ ಕಥೆ. ದ್ವಿತೀಯ ಪಿಯುಸಿ ಶುರುವಾಗುವ ಹೊತ್ತಿಗೆ ಆ ಮೇಷ್ಟ್ರಿಗೆ ವರ್ಗವಾಯಿತು. ನಾಲ್ಕು ತಿಂಗಳು ಯಾರೂ ಬರಲಿಲ್ಲ. ಕನ್ನಡದ ಅವಧಿಯಲ್ಲಿ ನಾವು ಮೈದಾನದಲ್ಲಿ ಇರುತ್ತಿದ್ದೆವು. ಆಮೇಲೆ ಬಂದ ಅತಿಥಿ ಉಪನ್ಯಾಸಕರು ಪಾಪ, ಮೂರು ಕಾಲೇಜು ಸುತ್ತುತ್ತಿದ್ದವರು. ಗೈಡ್ ತೆರೆದು ಉತ್ತರ ಹೇಳುವರು, ನಾವು ಬರೆದುಕೊಳ್ಳುವುದು. ಪಬ್ಲಿಕ್ ಪರೀಕ್ಷೆಯಲ್ಲಿ ನನಗೆ 84 ಬಂತು, ನಾಲ್ಕು ಐಚ್ಛಿಕಗಳಲ್ಲಿ ಅದೇ ಹೆಚ್ಚು. ಈಗ ಆ ವರ್ಷ ಓದಿದ ಒಂದು ಪದ್ಯವೂ ಬಾಯಿಗೆ ಬರುವುದಿಲ್ಲ. ಅರ್ಥಶಾಸ್ತ್ರವನ್ನು ಒಳ್ಳೆಯ ಪುಸ್ತಕ ಇಟ್ಟುಕೊಂಡು ಒಬ್ಬರೇ ಕುಳಿತು ಒಂದು ಮಟ್ಟಿಗೆ ಓದಬಹುದು. ಹಳಗನ್ನಡ ಹಾಗಲ್ಲ, ಯಾರಾದರೂ ಗಟ್ಟಿಯಾಗಿ ಓದಿ ಕಿವಿಗೆ ಹಾಕಬೇಕು.

ಆದ್ದರಿಂದ ನೀವು ಸೇರಬೇಕೆಂದಿರುವ ಕಾಲೇಜಿಗೆ ಹೋಗಿ ಕಚೇರಿಯಲ್ಲಿ ಕೇಳಬೇಡಿ, ದ್ವಿತೀಯ ವರ್ಷದ ಹುಡುಗರನ್ನು ಕೇಳಿ. ಐಚ್ಛಿಕ ಕನ್ನಡಕ್ಕೆ ಪಾಠ ಮಾಡುವವರು ಯಾರು, ಅವರು ಪದ್ಯವನ್ನು ಓದುತ್ತಾರೋ ಬರೆಸುತ್ತಾರೋ? "ಬರೆಸುತ್ತಾರೆ" ಎಂಬ ಉತ್ತರ ಬಂದರೆ ಕಣ್ಣು ಮುಚ್ಚಿಕೊಂಡು ಅರ್ಥಶಾಸ್ತ್ರ ತೆಗೆದುಕೊಳ್ಳಿ. ನಾನು ಇಷ್ಟೆಲ್ಲ ಹೊಗಳಿದವನು ಈ ಮಾತು ಹೇಳುತ್ತಿದ್ದೇನೆ ಎಂದರೆ ನಂಬಿ. ಅದೇ ಹುಡುಗರಿಂದ ದ್ವಿತೀಯ ಪಿಯುಸಿ ಪಠ್ಯಪುಸ್ತಕವನ್ನು ಒಂದು ವಾರಕ್ಕೆ ಎರವಲು ತನ್ನಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ, ಒಂದನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟು ನೋಡಿ.

ಅಂಕದ ವಿಷಯ ಬೇಗ ಮುಗಿಸುತ್ತೇನೆ. ಈಗ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಛಂದಸ್ಸಿನ ಪ್ರಶ್ನೆ ಗಣಿತದ ಲೆಕ್ಕದ ಹಾಗೆ, ಪ್ರಸ್ತಾರ ಹಾಕಿ (ಅಕ್ಷರಗಳಿಗೆ ಲಘು ಗುರು ಗುರುತು ಹಾಕಿ) ಗಣ ವಿಂಗಡಿಸಿ ಹೆಸರು ಬರೆದರೆ ಅಂಕ ಕತ್ತರಿಸಲು ಜಾಗವೇ ಇರುವುದಿಲ್ಲ. ಕಷ್ಟ ಆಗುವುದು ಸಾಹಿತ್ಯ ಚರಿತ್ರೆಯಲ್ಲಿ; ಕವಿ, ಕಾಲ, ಕೃತಿ, ಆಶ್ರಯ ನೀಡಿದ ಅರಸ ಎಂದು ಪಟ್ಟಿ ಉರುಹೊಡೆಯಬೇಕು, ಅದರಲ್ಲಿ ಸುಖವೇನೂ ಇಲ್ಲ.

ಉದ್ಯೋಗದ ಬಗ್ಗೆ ನೀವು ಕೇಳಿಲ್ಲ, ನಿಮ್ಮ ಮಾವ ಕೇಳಿಯೇ ಕೇಳುತ್ತಾರೆ. ಕನ್ನಡ ಓದಿದರೆ ಮೇಷ್ಟ್ರಾಗಬಹುದು, ಅದಕ್ಕೆ ಬಿ.ಎ., ಎಂ.ಎ., ಬಿ.ಇಡ್. ಎಂದು ಉದ್ದದ ದಾರಿಯಿದೆ, ನೇಮಕಾತಿಗೆ ಕಾಯುವುದು ಬೇರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಬಹುದು, 250 ಅಂಕದ ಎರಡು ಪತ್ರಿಕೆ. ಆದರೆ ಅದಕ್ಕೆ ಪಿಯುಸಿಯಲ್ಲಾಗಲಿ ಪದವಿಯಲ್ಲಾಗಲಿ ಕನ್ನಡ ಓದಿರಲೇಬೇಕೆಂಬ ನಿಯಮವಿಲ್ಲ, ಹಾಗಾಗಿ ಹದಿನಾರನೆಯ ವಯಸ್ಸಿನಲ್ಲಿ ಅದನ್ನು ನೆಪವಾಗಿ ಹೇಳುವುದು ಬೇಡ. ಸ್ಪರ್ಧಾತ್ಮಕ ಪರೀಕ್ಷೆಗಳೇ ಗುರಿಯಾದರೆ ಸಾಮಾನ್ಯ ಅಧ್ಯಯನಕ್ಕೆ ಅರ್ಥಶಾಸ್ತ್ರ ಹೆಚ್ಚು ಒದಗಿಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಪಿಯುಸಿಯಲ್ಲಿ ಬಿಟ್ಟರೆ ಕನ್ನಡದ ಬಾಗಿಲು ಮುಚ್ಚಿತು ಎಂದೇನೂ ಇಲ್ಲ. ನನಗೆ ಗೊತ್ತಿರುವ ಒಬ್ಬಾಕೆ ಪಿಯುಸಿಯಲ್ಲಿ ವಾಣಿಜ್ಯ ಓದಿ, ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡು, ಈಗ ನಮ್ಮ ತಾಲ್ಲೂಕಿನಲ್ಲೇ ಉಪನ್ಯಾಸಕಿ.

ನನಗೆ ಐಚ್ಛಿಕ ಕನ್ನಡ ಒದಗಿಬಂದದ್ದು ಯಾರೂ ಎಣಿಸದ ಕಡೆಯಲ್ಲಿ. ಹಳೆಯ ಕ್ರಯಪತ್ರಗಳನ್ನು ನೋಡಿದ್ದೀರಾ? "ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೆಂತೆಂದರೆ" ಎಂದು ಶುರುವಾದ ವಾಕ್ಯ ಎರಡನೆಯ ಪುಟದ ಕೊನೆಯಲ್ಲಿ ನಿಲ್ಲುತ್ತದೆ. ನಡುವೆ ಒಂದು ಪೂರ್ಣವಿರಾಮವಿಲ್ಲ. ಕೆಲವು ವರ್ಷಗಳ ಹಿಂದೆ ಇಬ್ಬರು ದಾಯಾದಿಗಳು 1954ರ ಒಂದು ಪತ್ರ ಹಿಡಿದುಕೊಂಡು ಬಂದರು. ಜಮೀನು ಕೊಂಡವರ ಮೊಮ್ಮಗ ಬಾವಿಯಲ್ಲಿ ತನಗೆ ಅರ್ಧ ಹಕ್ಕಿದೆ ಎನ್ನುತ್ತಿದ್ದ, ಪತ್ರದಲ್ಲೇ ಬರೆದಿದೆ ಎಂದು ಬೆರಳಿಟ್ಟು ತೋರಿಸಿದ. ಬರೆದದ್ದು ನಿಜ. ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಭಾಗದಲ್ಲಿ, "ಪಶ್ಚಿಮಕ್ಕೆ ಬಾವಿಯಲ್ಲಿ ಅರ್ಧ ಹಕ್ಕುಳ್ಳ ನಮ್ಮ ತಮ್ಮನ ಜಮೀನು" ಎಂದು. ಹಕ್ಕುಳ್ಳ ಎಂಬ ವಿಶೇಷಣ ಅಂಟಿಕೊಂಡದ್ದು ಪಶ್ಚಿಮದಲ್ಲಿದ್ದ ತಮ್ಮನಿಗೆ, ಕೊಂಡವನಿಗಲ್ಲ. ಅದು ಪಕ್ಕದ ಜಮೀನಿನ ಗುರುತು ಹೇಳುವ ಮಾತು, ಅಷ್ಟೆ. ನಾನು ಪೆನ್ಸಿಲ್ ತೆಗೆದುಕೊಂಡು ಜೆರಾಕ್ಸ್ ಪ್ರತಿಯ ಮೇಲೆ ಕರ್ತೃ ಯಾರು, ಕರ್ಮ ಯಾವುದು, ಕ್ರಿಯಾಪದ ಎಲ್ಲಿದೆ ಎಂದು ಗೆರೆ ಎಳೆದು ತೋರಿಸಿದೆ. ಪಂಪನ ಸಾಲಿಗೆ ಎಳೆಯುತ್ತಿದ್ದ ಅದೇ ಗೆರೆ. ಮೊಮ್ಮಗ ಒಪ್ಪಲಿಲ್ಲ, ವಕೀಲರ ಹತ್ತಿರ ಹೋದ. ವಕೀಲರೂ ನಾನು ಓದಿದ ಹಾಗೆಯೇ ಓದಿದರಂತೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಜ್ಜನ ಕಾಲದ ಒಂದು ಪತ್ರ ಇದ್ದೇ ಇರುತ್ತದೆ. ಸೋದರಮಾವ ಮುಂದಿನ ಸಲ ಬಂದಾಗ ಅದನ್ನು ಅವರ ಮುಂದೆ ಬಿಚ್ಚಿಡಿ. ಮನೆಯಲ್ಲಿ ಆಡುವ ಭಾಷೆಯೇ ಅಲ್ಲವೇ, ಒಂದೇ ಉಸಿರಿಗೆ ಓದಿ ಯಾರು ಯಾರಿಗೆ ಏನು ಕೊಟ್ಟರು ಎಂದು ಹೇಳಲಿ.