ತಾಮ್ರ ಹೆಚ್ಚು, ಜಿಂಕ್ ಕಡಿಮೆ: ಬಸುರಿಯ ವರದಿಯಲ್ಲಿ ಕೆಂಪು ಗುರುತು ಏಕೆ?

ಪ್ರಶ್ನೆ: ನನಗೀಗ 29 ವಾರ. ಡೊಂಬಿವಲಿಯಲ್ಲಿದ್ದೇವೆ. ಪ್ಯಾಕೇಜ್ ತಪಾಸಣೆಯಲ್ಲಿ ತಾಮ್ರ 204 ‘ಹೆಚ್ಚು’, ಜಿಂಕ್ 61 ‘ಕಡಿಮೆ’ ಎಂದು ಬಂದಿದೆ. ಹಿಮೋಗ್ಲೋಬಿನ್ 10.6. ತಾಮ್ರದ ಚೊಂಬಿನ ನೀರು ಬಿಡು ಎನ್ನುತ್ತಾರೆ ಅತ್ತೆ. ಮೆಡಿಕಲ್ ಅಂಗಡಿಯವರು 50 ಮಿ.ಗ್ರಾಂ ಜಿಂಕ್ ಮಾತ್ರೆ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಚೊಂಬು ನಿರಪರಾಧಿ. ನಿಮ್ಮ ವರದಿಯನ್ನು ಬಸುರಿಯಲ್ಲದವರ ಅಳತೆಗೋಲಿನಿಂದ ಅಳೆದಿದ್ದಾರೆ, ಅಷ್ಟೇ. ಗರ್ಭದಲ್ಲಿ ಈಸ್ಟ್ರೋಜನ್ ಏರಿದಂತೆ ಯಕೃತ್ತು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ರಕ್ತದ ತಾಮ್ರದ ಬಹುಪಾಲು ಇರುವುದು ಅದರಲ್ಲೇ. ಬಸುರಿಯಲ್ಲದವರಲ್ಲಿ ಡೆಸಿಲೀಟರಿಗೆ 70–140 ಮೈಕ್ರೋಗ್ರಾಂ ಇರುವ ತಾಮ್ರ ಕೊನೆಯ ಮೂರು ತಿಂಗಳಲ್ಲಿ 130–240 ಆಗುತ್ತದೆ. ನಿಮ್ಮ 204 ಅದರೊಳಗೇ ಇದೆ.

ಜಿಂಕ್‌ನದು ತಿರುಗುಮುರುಗು. ರಕ್ತದ ದ್ರವಾಂಶ ಶೇ. 40–50ರಷ್ಟು ಹೆಚ್ಚಿ, ಜಿಂಕನ್ನು ಹೊರುವ ಆಲ್ಬುಮಿನ್ ಎಂಬ ಪ್ರೋಟೀನ್ ತೆಳುವಾಗುತ್ತದೆ. ಆದ್ದರಿಂದ ಎರಡನೇ, ಮೂರನೇ ತ್ರೈಮಾಸಿಕದಲ್ಲಿ 50ಕ್ಕಿಂತ ಕೆಳಗಿಳಿದರೆ ಮಾತ್ರ ಕೊರತೆಯ ಶಂಕೆ. 61ಕ್ಕೆ ಗಾಬರಿ ಬೇಡ. ವರದಿ ಲೀಟರಿಗೆ ಮೈಕ್ರೋಮೋಲ್ ಲೆಕ್ಕದಲ್ಲಿದ್ದರೆ ಜಿಂಕನ್ನು 6.54ರಿಂದ, ತಾಮ್ರವನ್ನು 6.35ರಿಂದ ಗುಣಿಸಿ ಹೋಲಿಸಿ.

ರಕ್ತ ತೆಗೆದ ಬಗೆಯೂ ಲೆಕ್ಕವನ್ನು ಕೆಡಿಸುತ್ತದೆ. ಸೂಕ್ಷ್ಮ ಖನಿಜಗಳಿಗೆ ಕಡುನೀಲಿ ಮುಚ್ಚಳದ, ಲೋಹದ ಸೋಂಕಿಲ್ಲದ ಟ್ಯೂಬ್ ಬೇಕು. ಸಾಮಾನ್ಯ ಟ್ಯೂಬಿನ ರಬ್ಬರ್ ಬಿರಡೆಯಿಂದಲೇ ಜಿಂಕ್ ಸೇರಿಕೊಳ್ಳಬಹುದು. ರಕ್ತಕಣ ಒಡೆದರೂ, ಸೀರಂ (ರಕ್ತದ ತಿಳಿದ್ರವ) ಬೇರ್ಪಡಿಸಲು ತಡವಾದರೂ ಜಿಂಕ್‌ನ ಅಂಕಿ ಸುಳ್ಳೇ ಏರುತ್ತದೆ. ಊಟವಾದ ಮೇಲೆ ಇಳಿಯುತ್ತದೆ. ಜ್ವರ, ಮೂತ್ರದ ಸೋಂಕು ಇದ್ದಾಗ ಜಿಂಕ್ ಇಳಿದು ತಾಮ್ರ ಏರುತ್ತದೆ. ಆ ವಾರ ಪರೀಕ್ಷೆ ಮಾಡಿಸಿ ದುಡ್ಡು ದಂಡ ಮಾಡಬೇಡಿ. ಯಾವ ತೊಂದರೆಯೂ ಇಲ್ಲದ ಬಸುರಿಗೆ ಈ ಪರೀಕ್ಷೆಗಳು ಬೇಕೇ ಇರಲಿಲ್ಲ.

50 ಮಿ.ಗ್ರಾಂ ಮಾತ್ರೆಯನ್ನು ನೀವಾಗಿ ನುಂಗಬೇಡಿ. ಜಿಂಕ್‌ಗೆ ದಿನದ ಮೇಲ್ಮಿತಿ 40 ಮಿ.ಗ್ರಾಂ, ಅದೂ ಊಟದ್ದು ಸೇರಿ. ಅತಿಯಾದ ಜಿಂಕ್ ದಿನಗಟ್ಟಲೆ ನಡೆದರೆ ಕರುಳಿನಲ್ಲಿ ತಾಮ್ರ ಹೀರುವುದು ತಗ್ಗುತ್ತದೆ. ಬಸುರಿಗೆ ಬೇಕಾದ್ದು ಸುಮಾರು 14.5 ಮಿ.ಗ್ರಾಂ. ಕಾಳುಗಳಲ್ಲಿನ ಫೈಟೇಟ್ ಎಂಬ ಅಂಶ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಮಡಕೆಕಾಳಿಗೆ ಮೊಳಕೆ ಬರಿಸಿ, ಇಡ್ಲಿ ಹಿಟ್ಟನ್ನು ಚೆನ್ನಾಗಿ ಹುದುಗಿಸಿ. ಉಸಲ್ (ಮೊಳಕೆಕಾಳಿನ ಪಲ್ಯ) ಮಾಡುವ ಮನೆಗಳಲ್ಲಿ ಅರ್ಧ ಕೆಲಸ ಆಗಿಯೇ ಇದೆ. ಮೊಟ್ಟೆ, ಮಾಂಸ, ಕುಂಬಳಬೀಜ ಒಳ್ಳೆಯವು.

ಚೊಂಬಿನಲ್ಲಿ ಬರೀ ನೀರಿಟ್ಟರೆ ತೊಂದರೆಯಿಲ್ಲ. ಕಲಾಯಿ ಇಲ್ಲದ ತಾಮ್ರದಲ್ಲಿ ಮಜ್ಜಿಗೆ, ನಿಂಬೆ ಪಾನಕ, ಕೋಕಮ್ ಸೋಲ್‌ಕಡಿ ಇಡಬೇಡಿ. ಹುಳಿಗೆ ತಾಮ್ರ ಕರಗಿ ವಾಕರಿಕೆ ಬರುತ್ತದೆ.

ನಾವು ನಿಜವಾಗಿ ನೋಡಬೇಕಾದದ್ದು ಹಿಮೋಗ್ಲೋಬಿನ್. ಕೊನೆಯ ತ್ರೈಮಾಸಿಕದಲ್ಲಿ 11ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ, ನಿಮ್ಮದು ಸೌಮ್ಯ. ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಿ. ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆ ಇದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಕೊಡುತ್ತಾರೆ, ನಿಮ್ಮ ಪ್ರಮಾಣವನ್ನು ವೈದ್ಯರೇ ಹೇಳಲಿ. ತಿಂಗಳೊಳಗೆ 1 ಗ್ರಾಂ ಏರದಿದ್ದರೆ ಮಾತ್ರೆ ಬದಲಿಸುತ್ತ ಕೂರುವ ಬದಲು ವಂಶವಾಹಿಯಾಗಿ ಬರುವ ರಕ್ತದ ತೊಂದರೆಯಾದ ಥಲಸ್ಸೀಮಿಯಾದ ವಾಹಕರೇ ಎಂದು ಪರೀಕ್ಷಿಸಬೇಕು.

ಪ್ರಶ್ನೆ: ಮಡಗಾಂವ್‌ನಿಂದ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ರಾತ್ರಿ ಊಟದ ನಂತರ ಒಟ್ಟಿಗೇ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ, ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತದೆ. 500 ಮಿ.ಗ್ರಾಂ ಕ್ಯಾಲ್ಸಿಯಂ ತಿಂಡಿಯೊಂದಿಗೆ ಒಂದು, ರಾತ್ರಿ ಊಟದೊಂದಿಗೆ ಒಂದು. ಕಬ್ಬಿಣ ಇವೆರಡರಿಂದಲೂ ಕನಿಷ್ಠ ಎರಡು ಗಂಟೆ ದೂರ. ಸಂಜೆ ಐದರ ಹೊತ್ತಿಗೆ ನಿಂಬೆ ನೀರಿನೊಡನೆ ಅನುಕೂಲ. ಸಂಜೆಯ ಚಹಾ ಅದರ ನಂತರ ಒಂದು ಗಂಟೆ ಕಾಯಲಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಹೊಟ್ಟೆ ತೊಳಸಿದರೆ ಮಾತ್ರೆ ಬಿಡಬೇಡಿ, ಮಧ್ಯಾಹ್ನದ ಊಟವಾದ ಮೇಲೆ ತೆಗೆದುಕೊಂಡು ನೋಡಿ.